ತಾಯಿ ಕಾರ್ಡಿನಲ್ಲಿ ನಾನೇ ಬರೆದ ‘ನಾರ್ಮಲ್’

ನಾನು ಜೇವರ್ಗಿಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಈ ಕೆಲಸಕ್ಕೆ ಬಂದು ಹತ್ತು ವರ್ಷವಾಯಿತು. ಬಸುರಿ ಹೆಣ್ಣುಮಕ್ಕಳು ಗಂಡನ ಜತೆಗೋ ಅತ್ತೆಯ ಜತೆಗೋ ಬರುತ್ತಾರೆ, ಸೆರಗು ಸರಿಸಿ ತೋಳು ಚಾಚುತ್ತಾರೆ, ಸೂಜಿ ಒಳಗೆ ಹೋಗುವಾಗ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಸಕ್ಕರೆ ಹೆಚ್ಚಿದೆ ಎಂದು ತಿಳಿದಾಗ ಹಲವರು ಕೇಳುವುದು ಒಂದೇ ಮಾತು. ನನಗೊಬ್ಬಳಿಗೇ ಹೀಗಾಯಿತೇ, ನಾನೇನು ತಪ್ಪು ಮಾಡಿದೆ ಎಂದು. ಕೌಂಟರಿನ ಈಚೆ ನಿಂತು ನಾನು ಕೊಡುವ ಉತ್ತರ ಎರಡು ಮಾತಿನದು, ಯಾಕೆಂದರೆ ಹಿಂದೆ ಇನ್ನೂ ನಾಲ್ಕು ಮಂದಿ ಕಾಯುತ್ತಿರುತ್ತಾರೆ. ಪೂರ್ತಿ ಉತ್ತರ ಕೊಡಬೇಕೆಂದರೆ ನನ್ನ ಮನೆಯ ಕಥೆಯನ್ನೇ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನಲ್ಲಿ, ಭೂಸನೂರಿನ ಹತ್ತಿರದ ಹಳ್ಳಿ. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ನಮ್ಮದು ಬೌದ್ಧ ಕುಟುಂಬ. ಹೆಣ್ಣು ಮಗಳು ಓದಲೇಬೇಕು ಎಂದು ಅಪ್ಪ ಹಟ ಹಿಡಿದಿದ್ದರಿಂದ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಲ್ಯಾಬ್ ಡಿಪ್ಲೊಮಾ ಮುಗಿಸಿದೆ. ಗಂಡ ಗೌತಮ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಅತ್ತೆ ಕಾಶೀಬಾಯಿಯವರು ಅಫಜಲಪುರ ತಾಲ್ಲೂಕಿನವರು. ಚೌಡಾಪುರದ ಸುತ್ತಲಿನ ಹೊಲಗಳಲ್ಲಿ ತೊಗರಿ ಕೊಯ್ದು, ಕಳೆ ತೆಗೆದು, ಒಬ್ಬನೇ ಮಗನನ್ನು ಓದಿಸಿದವರು. ನಮ್ಮ ಮದುವೆಯಾದ ಮೇಲೆ ಅವರು ನಮ್ಮ ಜತೆಗೇ ಇದ್ದಾರೆ.

ಮೊದಲ ಸಲ ಬಸುರಾದಾಗ ನನಗೆ ಇಪ್ಪತ್ತೇಳು ವರ್ಷ. ಆರನೆಯ ತಿಂಗಳಲ್ಲಿ ಎಲ್ಲ ಬಸುರಿಯರಿಗೂ ಮಾಡುವ ಸಕ್ಕರೆ ಪರೀಕ್ಷೆ ನನಗೂ ಬಂತು. ಎಪ್ಪತ್ತೈದು ಗ್ರಾಂ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು, ಎರಡು ತಾಸು ಬಿಟ್ಟು ರಕ್ತ ಕೊಡಬೇಕು. ಅಷ್ಟೇ ಪರೀಕ್ಷೆ. ನನ್ನ ಕೈಯಿಂದಲೇ ಎಷ್ಟೋ ಹೆಣ್ಣುಮಕ್ಕಳಿಗೆ ಆ ಲೋಟ ಕೊಟ್ಟಿದ್ದೆ. ಅಂದು ನಾನೇ ಕಲಸಿಕೊಂಡು ಕುಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಹಿಂದಿನ ಬಚ್ಚಲಿಗೆ ಓಡಿ ಹೋಗಿ ಪೂರ್ತಿ ವಾಂತಿ ಮಾಡಿದೆ. ಹಾಗಾದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮತ್ತೆ ಮಾಡಬೇಕು. ಬೇರೆಯವರಿಗೆ ನಾನು ಇದನ್ನು ಕಟ್ಟುನಿಟ್ಟಾಗಿ ಹೇಳುತ್ತಿದ್ದೆ. ನನಗೆ ನಾನು ಹೇಳಿಕೊಳ್ಳಲಿಲ್ಲ. ಅಂದು ಲ್ಯಾಬಿನಲ್ಲಿ ಗದ್ದಲವಿತ್ತು, ಬಾಯಲ್ಲಿ ಆ ಸಿಹಿಯ ಓಕರಿಕೆ ಇನ್ನೂ ಇತ್ತು. ಮಧ್ಯಾಹ್ನ ಬೆರಳು ಚುಚ್ಚುವ ಮೀಟರಿನಲ್ಲಿ ಒಂದು ಸಲ ನೋಡಿಕೊಂಡೆ. ಹೊಟ್ಟೆಯಲ್ಲಿ ಏನೂ ಇಲ್ಲದ ಹೊತ್ತು, ಸಹಜವಾಗಿ ಕಡಿಮೆಯೇ ಬಂತು. ಬಸುರಿಯರಿಗೆ ಸರ್ಕಾರದವರು ಕೊಡುವ ತಾಯಿ ಕಾರ್ಡ್ ತೆಗೆದು ಸಕ್ಕರೆ ಎಂಬ ಸಾಲಿನ ಮುಂದೆ ನನ್ನ ಕೈಬರಹದಲ್ಲೇ ‘ನಾರ್ಮಲ್’ ಎಂದು ಬರೆದೆ. ಅಂಕಿ ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಲ್ಯಾಬಿನವಳ ಕಾರ್ಡನ್ನು ಯಾರು ಅನುಮಾನಿಸುತ್ತಾರೆ.

ಏಳನೆಯ ತಿಂಗಳಿನಿಂದ ನೀರಡಿಕೆ ಹೆಚ್ಚಾಯಿತು. ಹೊಟ್ಟೆ ತಿಂಗಳಿಗೆ ಮೀರಿ ದೊಡ್ಡದಾಯಿತು. ಓಣಿಯ ಹೆಂಗಸರು ಕೂಸು ಗಟ್ಟಿಮುಟ್ಟಾಗಿದೆ ಎಂದರು. ಅತ್ತೆಗೆ ಖುಷಿ. ನನಗೆ ಗೋಧಿ ಹುಗ್ಗಿ ಎಂದರೆ ಪ್ರಾಣ, ಅಪ್ಪ ಊರಿನಿಂದ ಬೆಲ್ಲ ತಂದು ಕೊಟ್ಟಿದ್ದರು. ಅತ್ತೆ ಎರಡು ದಿನಕ್ಕೊಮ್ಮೆ ಹುಗ್ಗಿ ಕುದಿಸಿ, ಮೇಲೆ ತುಪ್ಪ ಹಾಕಿ, ನಾನು ಬಟ್ಟಲು ಬರಿದು ಮಾಡುವವರೆಗೆ ಎದುರಿಗೇ ಕೂತಿರುತ್ತಿದ್ದರು.

ಎಂಟನೆಯ ತಿಂಗಳ ಒಂದು ಮುಂಜಾನೆ ಕೂಸು ಮಿಸುಕಾಡುತ್ತಿಲ್ಲ ಎನಿಸಿತು. ಚಹಾ ಕುಡಿದು, ಎಡಮಗ್ಗುಲಾಗಿ ಮಲಗಿ ಕಾದೆ. ಏನೂ ಇಲ್ಲ. ಕಲಬುರಗಿಯ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಗೌತಮ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದ. ಸ್ಕ್ಯಾನ್ ಮಾಡಿದ ಡಾಕ್ಟರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಗೌತಮನ ಕಡೆ ತಿರುಗಿ, ಕೂಸಿನ ಎದೆಬಡಿತ ಇಲ್ಲ ಎಂದರು.

ಹೆಣ್ಣು ಮಗು. ಎಂಟು ತಿಂಗಳಿಗೇ ಮೂರೂವರೆ ಕೇಜಿಯ ಹತ್ತಿರವಿತ್ತು. ತೂಕ ಕೇಳಿ ಅಲ್ಲಿನ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿದ್ದಿರಾ ಎಂದು ಕೇಳಿದರು. ಗೌತಮ ಕೂಡಲೇ ಕಾರ್ಡ್ ತೆಗೆದು ಆ ಸಾಲಿಗೆ ಬೆರಳಿಟ್ಟು ತೋರಿಸಿದ. ಅವರು ಓದಿ ತಲೆಯಾಡಿಸಿದರು. ಹೊಕ್ಕುಳ ಬಳ್ಳಿಯ ತೊಂದರೆ ಇರಬಹುದು, ಬೇರೆ ಏನಾದರೂ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು. ನಾನು ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳುತ್ತಿದ್ದೆ. ಬಾಯಿ ತೆರೆಯಲಿಲ್ಲ.

ಕೂಸನ್ನು ಅಫಜಲಪುರದ ಕಡೆಯ ನಮ್ಮ ಮಂದಿಯ ಮಸಣಕ್ಕೆ ಒಯ್ದರು. ನನ್ನನ್ನು ಕರೆದೊಯ್ಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಡುವ ಮೊದಲು ಮುಖ ನೋಡಿದವರು ಅತ್ತೆ ಒಬ್ಬರೇ. ಹೇಗಿದ್ದಳು ಎಂದು ಒಂದು ದಿನ ಕೇಳಿದೆ. ನಿನ್ನ ಹಾಗೆ ಮೂಗು ಎಂದಷ್ಟೇ ಹೇಳಿ ಎದ್ದು ಹೋದರು.

ಆಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನು ಕೆಲಸಕ್ಕೆ ಹೋದೆ, ಬಸುರಿಯರ ರಕ್ತ ತೆಗೆದೆ, ಅವರ ಕಾರ್ಡಿನಲ್ಲಿ ಅಂಕಿ ಬರೆದೆ. ಯಾವಳಾದರೂ ವಾಂತಿ ಮಾಡಿಕೊಂಡರೆ ಮರುದಿನ ಬರಲೇಬೇಕೆಂದು ಜೋರು ಮಾಡುತ್ತಿದ್ದೆ. ಒಬ್ಬಳು ಬರದಿದ್ದಾಗ ಅವಳ ಗಂಡನಿಗೆ ಮೂರು ಸಲ ಫೋನ್ ಮಾಡಿದ್ದುಂಟು. ನನ್ನ ಜತೆ ಕೆಲಸ ಮಾಡುವ ನಸೀಮಾ, ಯಾಕಿಷ್ಟು ಹಚ್ಚಿಕೊಳ್ಳುತ್ತಿ ಎಂದು ಕೇಳಿದ್ದಳು. ನಾನು ಏನೋ ಹೇಳಿ ಹಾರಿಸಿದೆ. ಮನೆಯಲ್ಲಿ ಅತ್ತೆ ಹುಗ್ಗಿ ಮಾಡುವುದನ್ನು ಬಿಟ್ಟರು. ದುಃಖಕ್ಕೆ ಹಾಗೆ ಮಾಡಿದ್ದಾರೆ ಎಂದುಕೊಂಡೆ.

ಎರಡನೆಯ ಸಲ ಬಸುರಾದದ್ದು ತಿಳಿದಾಗ ಮೊದಲು ಬಂದದ್ದು ಭಯ, ಸಂತೋಷ ಅದರ ಹಿಂದೆ ಎಲ್ಲೋ ಇತ್ತು. ಈ ಸಲ ತೋರಿಸಿದ ಡಾಕ್ಟರಮ್ಮ ಹಿಂದಿನದನ್ನು ಕೇಳಿಕೊಂಡು, ಆರನೆಯ ತಿಂಗಳವರೆಗೆ ಕಾಯುವುದು ಬೇಡ, ಈಗಲೇ ಎಲ್ಲ ಪರೀಕ್ಷೆ ಆಗಲಿ ಎಂದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಒಂದು ಪರೀಕ್ಷೆ ಇದೆ, ಹೊಟ್ಟೆ ಖಾಲಿ ಇರಬೇಕಿಲ್ಲ, ಏನೂ ಕುಡಿಯಬೇಕಿಲ್ಲ, ಒಂದು ಟ್ಯೂಬ್ ರಕ್ತ ಸಾಕು. ಅದು ಸರಿಯಾಗೇ ಬಂತು. ಆ ವರದಿಯನ್ನು ನಾನು ಪರ್ಸಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ. ಈಗ ಇಲ್ಲವೆಂದರೆ ಆಗಲೂ ಇರಲಿಲ್ಲ ಎಂದು ನನ್ನನ್ನೇ ನಂಬಿಸಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ವರದಿಯನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. ಬಸುರಿನಲ್ಲಿ ಮೈ ಹೊಸ ರಕ್ತ ಮಾಡುತ್ತಿರುತ್ತದೆ, ಹಾಗಾಗಿ ಈ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಇದೊಂದನ್ನೇ ನಂಬಿ ಕೂರಲಾಗದು ಎಂದರು. ಗ್ಲುಕೋಸ್ ನೀರು ಕುಡಿದೇ ನೋಡಬೇಕು. ನನಗೆ ಇದೆಲ್ಲ ಗೊತ್ತಿರದ ವಿಷಯವಲ್ಲ. ಆದರೂ ವಾದ ಮಾಡಿದೆ. ನನಗೆ ವಾಂತಿಯಾಗುತ್ತದೆ ಎಂದೆ. ವಾಂತಿಯಾದರೆ ಮತ್ತೆ ಕುಡಿಯುವಿರಂತೆ ಎಂದರು ಅವರು, ಬಹಳ ಸಾದಾ ದನಿಯಲ್ಲಿ.

ನಸೀಮಾ ಮಡಕೆಯ ತಣ್ಣೀರಿನಲ್ಲಿ ಪುಡಿ ಕಲಸಿ ಅರ್ಧ ನಿಂಬೆಹಣ್ಣು ಹಿಂಡಿದಳು. ಸಾವಕಾಶ ಕುಡಿ ಎಂದಳು. ನಾನು ಬಿಳಿ ಕೋಟು ಬಿಚ್ಚಿಟ್ಟು, ನಮ್ಮದೇ ಲ್ಯಾಬಿನ ಬೆಂಚಿನ ಮೇಲೆ ಬೇರೆ ಹೆಂಗಸರ ನಡುವೆ ಕೂತೆ. ಅಷ್ಟು ವರ್ಷ ಆ ಬೆಂಚನ್ನು ಎದುರಿನಿಂದ ನೋಡಿದ್ದೆ, ಅದರ ಮೇಲೆ ಕೂತಿರಲಿಲ್ಲ. ಅದರ ಒಂದು ಕಾಲು ಕುಂಟುತ್ತದೆ, ಯಾರಾದರೂ ಎದ್ದರೆ ಉಳಿದವರೆಲ್ಲ ಅಲುಗಾಡುತ್ತಾರೆ. ಪಕ್ಕದ ಹುಡುಗಿ ಮೊದಲ ಬಸುರಿನವಳು, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದಳು. ಎರಡು ತಾಸು ಎಂದೆ. ಆ ಎರಡು ತಾಸಿನಲ್ಲಿ ಓಕರಿಕೆ ಗಂಟಲಿನವರೆಗೆ ಬಂದಾಗಲೆಲ್ಲ ಕಣ್ಣು ಮುಚ್ಚಿ ಉಸಿರು ಹಿಡಿದೆ. ವಾಂತಿಯಾಗಲಿಲ್ಲ. ಆಗಿಬಿಡಲಿ ಎಂದು ನನ್ನೊಳಗೆ ಯಾರೋ ಬೇಡಿಕೊಳ್ಳುತ್ತಿದ್ದದ್ದೂ ಸುಳ್ಳಲ್ಲ. ಸಕ್ಕರೆ ಹೆಚ್ಚಿಗೆ ಬಂದರೆ ಆ ಅಂಕಿ ಬರೇ ಈ ಬಸುರಿನದಾಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ರಕ್ತ ತೆಗೆದವಳು ನಸೀಮಾ. ಯಂತ್ರದ ಮುಂದೆ ನಿಂತವಳು ಅಂಕಿ ಕೂಗಿ ಹೇಳಲಿಲ್ಲ. ಅದೇ ಟ್ಯೂಬನ್ನು ಇನ್ನೊಮ್ಮೆ ಹಾಕಿದಳು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತಳು. ಬೆಂಚು ಅಲುಗಾಡಿತು. ನೂರಾ ನಲವತ್ತರೊಳಗೆ ಇರಬೇಕಾದದ್ದು ನೂರಾ ಎಪ್ಪತ್ತೆರಡಿತ್ತು.

ಮನೆಯಲ್ಲಿ ಹೇಳಿದಾಗ ಗೌತಮ ಮೊದಲು ಔಷಧಿಯ ಮಾತು ಕೇಳಿದ, ಆಮೇಲೆ ಮೆಲ್ಲಗೆ, ಇದು ಹೋದ ಸಲವೂ ಇತ್ತೇನು ಎಂದ. ಆಗ ನಾರ್ಮಲ್ ಇತ್ತಲ್ಲ ಎಂದು ತಾನೇ ಉತ್ತರವನ್ನೂ ಹೇಳಿಕೊಂಡ. ನಾನು ಅದನ್ನು ತಿದ್ದಲಿಲ್ಲ. ಅತ್ತೆ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. ಸಕ್ಕರೆ ಬೇನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಕಪ್ಪಿಟ್ಟಿತು. ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಹದಿನೈದು ದಿನ ಬರೀ ಪಥ್ಯದಲ್ಲಿ ನೋಡೋಣ ಎಂದರು ಡಾಕ್ಟರಮ್ಮ. ಅನ್ನ ಕಡಿಮೆಯಾಗಿ ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ ಬಂದವು. ಚಹಾದ ಸಕ್ಕರೆ ಹೋಯಿತು. ಊಟವಾದ ಮೇಲೆ ಅರ್ಧ ತಾಸು ನಡಿಗೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳಬೇಕು. ಊಟದ ನಂತರದ ಅಂಕಿಗಳು ಇಳಿದವು. ಮುಂಜಾನೆ ಖಾಲಿ ಹೊಟ್ಟೆಯದು ಮಾತ್ರ ಇಳಿಯಲಿಲ್ಲ. ರೊಟ್ಟಿ ಇನ್ನೂ ಕಡಿಮೆ ಮಾಡಿದೆ, ತಲೆಸುತ್ತು ಬಂತು, ಅಂಕಿ ಅಲ್ಲೇ ನಿಂತಿತು. ಹದಿನಾರನೆಯ ದಿನ ಡಾಕ್ಟರಮ್ಮ ಇನ್ಸುಲಿನ್ ಎಂದರು.

ಸಾವಿರಾರು ಮಂದಿಗೆ ಸೂಜಿ ಚುಚ್ಚಿದವಳು ನಾನು. ನನ್ನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಒಳಗೆ ಕೂಸಿರುವ ಕಡೆಗೇ ಸೂಜಿಯ ಮೊನೆ ತಿರುಗಿಸಿದವಳು ಎರಡು ಸಲ ಅದನ್ನು ಹಿಂದಕ್ಕೆ ತೆಗೆದೆ. ಸೂಜಿ ಬಹಳ ಸಣ್ಣದು, ಚರ್ಮದ ಕೆಳಗಷ್ಟೇ ಹೋಗುತ್ತದೆ, ಕೂಸಿಗೆ ಮುಟ್ಟುವುದೇ ಇಲ್ಲ. ಇದನ್ನು ತಿಳಿದಿದ್ದರೂ ಮೊದಲ ಮೂರು ದಿನ ಹಲ್ಲು ಕಚ್ಚಿಕೊಂಡೇ ಚುಚ್ಚಿಕೊಂಡೆ. ಮಾತಾಡಿಸಲು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಮ್ಮೆ ಹಿಡಿದರೆ ಈ ಸೂಜಿ ಸಾಯುವವರೆಗೆ ಬಿಡದು ಎಂದರು, ಕೂಸು ಹುಟ್ಟುತ್ತಲೇ ಸಕ್ಕರೆ ಬೇನೆ ತರುತ್ತದೆ ಎಂದರು. ಅಪ್ಪ ಫೋನಿನಲ್ಲಿ, ನಾನು ತಂದ ಬೆಲ್ಲದಿಂದ ಹೀಗಾಯಿತೇನವ್ವ ಎಂದು ಕೇಳಿದರು. ಅಲ್ಲ ಎಂದೆ. ಅವರಿಗೆ ನಂಬಿಕೆ ಬಂದಂತೆ ಅನಿಸಲಿಲ್ಲ.

ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಅಡುಗೆಯನ್ನು ನನಗೇ ಬಿಟ್ಟರು. ರೊಟ್ಟಿ ಬಡಿದು ಕೊಡುವರು, ಆದರೆ ನನ್ನ ತಟ್ಟೆಗೆ ತಾವು ಬಡಿಸುತ್ತಿರಲಿಲ್ಲ, ಬುಟ್ಟಿಯನ್ನು ಮುಂದೆ ಸರಿಸಿ ಎದ್ದು ಹೋಗುವರು. ಬೇನೆಯ ಸೊಸೆ ಎಂಬ ಅಸಮಾಧಾನ ಇರಬೇಕೆಂದು ನಾನು ಒಳಗೊಳಗೇ ಮುನಿಸಿಕೊಂಡೆ.

ಏಳನೆಯ ತಿಂಗಳಿಗೆ ಕುಬಸದ, ಅಂದರೆ ಸೀಮಂತದ ಮಾತು ಬಂತು. ನಮ್ಮಲ್ಲಿ ಬುದ್ಧನ ಫೋಟೊದ ಮುಂದೆ ಮೇಣದ ಬತ್ತಿ ಹಚ್ಚಿ, ವಂದನೆ ಹೇಳಿ, ಬಸುರಿಗೆ ಹಸಿರು ಸೀರೆ ಉಡಿಸಿ ಐದು ಮಂದಿ ಹೆಂಗಸರು ಉಡಿ ತುಂಬುತ್ತಾರೆ. ಮೊದಲು ತುಂಬಬೇಕಾದವರು ಅತ್ತೆ. ಅಫಜಲಪುರದಿಂದ ಗೌತಮನ ಚಿಕ್ಕಮ್ಮ ಬಂದು ದಿನ ಗೊತ್ತು ಮಾಡೋಣ ಎಂದರೆ, ಅತ್ತೆ ನೀವು ನೀವು ಮಾಡಿಕೊಳ್ಳಿರಿ, ನಾ ಒಲ್ಲೆ ಎಂದುಬಿಟ್ಟರು. ಚಿಕ್ಕಮ್ಮ ಸಪ್ಪೆ ಮುಖ ಮಾಡಿಕೊಂಡು ಬಸ್ಸು ಹತ್ತಿದಳು. ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಾನು ಎದುರಿಗೆ ಹೋಗಿ ಕೂತು, ನನ್ನ ಮೇಲೆ ಏನು ಸಿಟ್ಟು ಎಂದು ನೇರವಾಗಿ ಕೇಳಿದೆ.

ಅವರು ಮೊರದಿಂದ ತಲೆ ಎತ್ತಲಿಲ್ಲ. “ನಿನ್ನ ಮ್ಯಾಲ ಎದರ ಸಿಟ್ಟವ್ವ,” ಎಂದರು. “ನನ್ನ ಕೈ ಬ್ಯಾಡ ಈ ಕೂಸಿಗಿ. ಮೊದಲನೇದಕ್ಕ ಇದೇ ಕೈಲೇ ಹುಗ್ಗಿ ತಿನಸಿ ತಿನಸಿ ಕೊಂದೀನಿ.”

ಆಮೇಲೆ ಎಲ್ಲ ಒಂದೊಂದಾಗಿ ಹೊರಬಿತ್ತು. ನನಗೆ ಸಕ್ಕರೆ ಬೇನೆ ಎಂದು ಕೇಳಿದ ದಿನದಿಂದ ಅವರು ಹಿಂದಿನ ಒಂದೊಂದು ಬಟ್ಟಲನ್ನೂ ನೆನೆಸಿಕೊಳ್ಳುತ್ತಿದ್ದರು. ಅದಕ್ಕೂ ಮೊದಲೇ, ಕೂಸನ್ನು ಕೈಯಲ್ಲಿ ಹಿಡಿದ ದಿನವೇ, ಇಷ್ಟು ದಪ್ಪ ಹೇಗಾಯಿತು ಎಂಬ ಸಂಶಯ ಅವರಲ್ಲಿ ಹುಟ್ಟಿತ್ತು. ಹುಗ್ಗಿ ಬಿಟ್ಟದ್ದು ಅದಕ್ಕೆ. ಎರಡು ವರ್ಷ ಒಬ್ಬರೇ ಆ ಸಂಶಯದ ಜತೆ ಬದುಕಿದ್ದರು. ಈಗ ಅದು ಖರೆಯಾಯಿತು ಎಂದುಕೊಂಡಿದ್ದರು.

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ನಾನು ಹೇಳಿದೆ. ನೀರು ಕುಡಿದದ್ದು, ವಾಂತಿ ಮಾಡಿದ್ದು, ಮರುದಿನ ಮಾಡದೆ ಬಿಟ್ಟದ್ದು, ಕಾರ್ಡಿನಲ್ಲಿ ಸುಳ್ಳು ಬರೆದದ್ದು, ದವಾಖಾನೆಯ ಮಂಚದ ಮೇಲೆ ಬಾಯಿ ಮುಚ್ಚಿಕೊಂಡದ್ದು. ಪರೀಕ್ಷೆ ಸರಿಯಾಗಿ ಆಗಿದ್ದರೆ ಡಾಕ್ಟರೇ ಹುಗ್ಗಿ ನಿಲ್ಲಿಸುತ್ತಿದ್ದರು, ನಿಮಗೆ ಹೇಳುವವರೇ ಇರಲಿಲ್ಲ, ಹೇಳಬೇಕಾದವಳು ನಾನು ಎಂದೆ. ಎಲ್ಲೂ ಅಳಲಿಲ್ಲ. ವರದಿ ಓದಿದಂತೆ ಹೇಳಿ ಮುಗಿಸಿದೆ.

ಅತ್ತೆ ಮೊರವನ್ನು ಕೆಳಗಿಟ್ಟರು. ನನ್ನ ತಲೆ ನೇವರಿಸಿ ಸಮಾಧಾನ ಮಾಡುತ್ತಾರೆ ಎಂದು ನಾನು ಎಲ್ಲೋ ಕಾಯುತ್ತಿದ್ದೆನೇನೋ. ಅವರು ಹಾಗೆ ಮಾಡಲಿಲ್ಲ.

“ಗೌತಮಗ ಗೊತ್ತದೇನು?” ಎಂದು ಕೇಳಿದರು.

“ಇಲ್ರಿ.”

“ನೀನೇ ಹೇಳು. ನಾ ಹೇಳಂಗಿಲ್ಲ.”

ಆಮೇಲೆ ನಾಲ್ಕು ದಿನ ಅವರು ನನ್ನ ಜತೆ ಮಾತಾಡಲಿಲ್ಲ. ಊಟದ ಹೊತ್ತು ಮಾತ್ರ ತಪ್ಪಲಿಲ್ಲ. ರೊಟ್ಟಿ ಬಿಸಿಯಾಗಿರುತ್ತಿತ್ತು.

ಅತ್ತೆಗೆ ಹೇಳಿದ ದಿನದ ಸಂಜೆಯೇ, ಗೌತಮ ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ಅವನಿಗೂ ಹೇಳಿದೆ. ಅವನು ಕೇಳಿಸಿಕೊಂಡು ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಬಂದ. ಅವನು ಸಿಟ್ಟಿನ ಮನುಷ್ಯನಲ್ಲ, ದನಿ ಏರಿಸುವುದೂ ಗೊತ್ತಿಲ್ಲ. “ಡಾಕ್ಟರ್ ಕೇಳ್ದಾಗ ಕಾರ್ಡ್ ತಗದು ತೋರ್ಸಿದಾಂವ ನಾ,” ಎಂದ. “ನೀ ಮಕ್ಕೊಂಡು ನೋಡಾಕತ್ತಿದ್ದಿ.”

ಮರುದಿನ ಮುಂಜಾನೆ ನಾನು ಬೆರಳು ಚುಚ್ಚಿಕೊಳ್ಳುವಾಗ ಅವನು ಶಾಲೆಯ ಎರಡು ಗೆರೆಯ ನೋಟ್‌ಬುಕ್ ಒಂದನ್ನು ಹಿಡಿದು ಬಂದು ಪಕ್ಕದಲ್ಲಿ ಕೂತ. “ಇನ್ಮ್ಯಾಲ ನಂಬರ್ ನಾ ಬರೀತೇನಿ,” ಎಂದ. ಮೀಟರನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು ಓದಿದ. ಅದರಲ್ಲಿ ಅಪನಂಬಿಕೆಯೂ ಇತ್ತು, ಕಾಳಜಿಯೂ ಇತ್ತು. ಎರಡನ್ನೂ ನಾನು ಸ್ವೀಕರಿಸಬೇಕಿತ್ತು. ಹೆರಿಗೆಯವರೆಗೆ ಅವನು ಒಂದು ಹೊತ್ತೂ ತಪ್ಪಿಸಲಿಲ್ಲ, ಶಾಲೆಯಿಂದ ಫೋನ್ ಮಾಡಿ ಮಧ್ಯಾಹ್ನದ ಅಂಕಿ ಕೇಳಿ ಬರೆದುಕೊಳ್ಳುತ್ತಿದ್ದ.

ಡಾಕ್ಟರಮ್ಮನಿಗೂ ಹೇಳಿದೆ. ಅವರು ಬೈಯುತ್ತಾರೆಂದು ಸಿದ್ಧಳಾಗಿ ಹೋಗಿದ್ದೆ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಹಾಗಾದರೆ ಸಕ್ಕರೆಯಿಂದಲೇ ಕೂಸು ಹೋಯಿತೇ ಎಂದು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು, ಆಗ ರಕ್ತ ನೋಡಿಲ್ಲವಾದ್ದರಿಂದ ಈಗ ಯಾರಿಗೂ ತಿಳಿಯುವುದಿಲ್ಲ ಎಂದರು. ನನ್ನ ಮುಖ ನೋಡಿ ಮತ್ತೆ ಹೇಳಿದರು. “ನಿಮಗ ಸಮಾಧಾನ ಮಾಡ್ಲಿಕ್ಕ ಹೇಳಾಕತ್ತಿಲ್ರಿ. ಖರೇನೇ ಗೊತ್ತಿಲ್ಲ. ಇದರ ಜೋಡಿನೇ ನೀವು ಇರಬೇಕಾಗ್ತದ.”

ಆ ಮಾತು ಆಗ ಕಠಿಣ ಎನಿಸಿತು. ಈಗ ಅನಿಸುತ್ತದೆ, ನನಗೆ ಆ ದಿನಗಳಲ್ಲಿ ಯಾರಾದರೂ ಪೂರ್ತಿ ಸತ್ಯ ಕೊಟ್ಟಿದ್ದರೆ ಅದು ಅವರೇ ಎಂದು.

ಐದನೆಯ ದಿನ ಅತ್ತೆ ಮಾತಾಡಿದರು. ಕುಬಸ ಯಾವತ್ತು ಇಟ್ಟುಕೊಳ್ಳೋಣ ಎಂದು ಕೇಳಿದರು, ಅಷ್ಟೇ. ಹಿಂದಿನದನ್ನು ಎತ್ತಲಿಲ್ಲ. ಕುಬಸದ ದಿನ ಮೊದಲು ಉಡಿ ತುಂಬಿದವರು ಅವರೇ. ಹೋಳಿಗೆಯ ತಟ್ಟೆ ಹಿಡಿದು ಬಂದ ಹೆಂಗಸರನ್ನೆಲ್ಲ ಬಾಗಿಲಲ್ಲೇ ತಡೆದು ತಟ್ಟೆ ಇಸಕೊಂಡರು. ಅಷ್ಟು ದೂರದಿಂದ ತಂದದ್ದು, ಒಂದು ತುತ್ತಾದರೂ ತಿನ್ನಲಿ ಎಂದು ಚಿಕ್ಕಮ್ಮ ಗೊಣಗಿದಳು. “ಆಕಿ ಬಾಯಿಗಿ ಹಾಕಬ್ಯಾಡ್ರಿ, ನಮ್ಮ ಬಾಯಿಗಿ ಹಾಕ್ರಿ, ನಾವೇನು ಬಸುರಿಲ್ಲ,” ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿತು.

ಎಂಟನೆಯ ತಿಂಗಳು ಬಂತು. ಹೋದ ಸಲ ಕೂಸು ಮಿಸುಕಾಟ ನಿಲ್ಲಿಸಿದ್ದ ಆ ವಾರ ಈ ಸಲ ನನ್ನ ಬದುಕಿನ ಅತ್ಯಂತ ಉದ್ದದ ವಾರವಾಯಿತು. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಒದೆತ ಎಣಿಸುವುದು. ಹತ್ತು ಆಗುವವರೆಗೆ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಂದು ತಾಸಾದರೂ ನಾಲ್ಕೇ ಆದವು. ಗೌತಮ ಶಾಲೆಯಲ್ಲಿದ್ದ. ಅತ್ತೆ ಆಟೊ ಕರೆಸಿ, ನನ್ನನ್ನು ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ನೇರವಾಗಿ ನುಗ್ಗಿದರು. ಹೊರಗೆ ಸಾಲಿನಲ್ಲಿ ಕೂತವರು ಒಬ್ಬರೂ ತಕರಾರು ಮಾಡಲಿಲ್ಲ, ನಮ್ಮ ಮುಖ ನೋಡಿಯೇ ದಾರಿ ಬಿಟ್ಟರು. ಹೊಟ್ಟೆಯ ಮೇಲೆ ಯಂತ್ರ ಇಟ್ಟಾಗ ಕುದುರೆ ಓಡಿದಂತೆ ಸದ್ದು ಬಂತು. ಅತ್ತೆಗೆ ಆ ಸದ್ದು ಏನೆಂದು ಗೊತ್ತಿರಲಿಲ್ಲ. ಕೂಸಿನ ಎದೆಬಡಿತ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅವರು ನೆಲದ ಮೇಲೆಯೇ ಕೂತುಬಿಟ್ಟರು.

ದಿನ ತುಂಬುವ ಒಂದು ವಾರ ಮೊದಲೇ ಕಲಬುರಗಿಯ ದವಾಖಾನೆಗೆ ದಾಖಲಾದೆ. ಹಿಂದಿನದರಿಂದಾಗಿ ಕಾಯುವುದು ಬೇಡ ಎಂದು ಡಾಕ್ಟರುಗಳು ನೋವು ಬರಿಸಿದರು. ತಾಸಿಗೊಮ್ಮೆ ನನ್ನ ಬೆರಳು ಚುಚ್ಚುತ್ತಿದ್ದ ನರ್ಸ್ ಆಳಂದ ಕಡೆಯವಳು, ಜಿಡಗಾದವಳು. ನನ್ನ ಮಾತಿನ ಧಾಟಿಯಲ್ಲೇ ಗುರುತು ಹಿಡಿದು ನಮ್ಮೂರಿನ ಸುದ್ದಿ ಕೇಳಿದಳು. ಹತ್ತೂ ಬೆರಳು ನೋಯುತ್ತಿವೆ ಎಂದಾಗ, ಅಕ್ಕಾ ಬೆರಳ ಪಕ್ಕಕ್ಕೆ ಚುಚ್ಚುತ್ತೇನೆ, ನಡುವೆ ಚುಚ್ಚಿದರೆ ನೋವು ಜಾಸ್ತಿ ಎಂದು ನನಗೇ ನನ್ನ ಕೆಲಸ ಹೇಳಿಕೊಟ್ಟಳು. ನಾನು ಲ್ಯಾಬಿನವಳು ಎಂದು ಅವಳಿಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಮಗಳು ಹುಟ್ಟಿದಳು. ಮೂರು ಕೇಜಿಗೆ ಸ್ವಲ್ಪ ಹೆಚ್ಚು. ಅತ್ತಳು. ಆ ಅಳು ಕೇಳಿಯೂ ನಾನು, ಜೀವ ಇದೆಯೇನ್ರಿ ಎಂದು ಎರಡು ಸಲ ಕೇಳಿದೆನಂತೆ.

ಅಲ್ಲಿಗೆ ಮುಗಿಯಲಿಲ್ಲ. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಹುಟ್ಟಿದ ಕೂಸಿಗೆ ಒಮ್ಮೆಲೇ ಸಕ್ಕರೆ ಇಳಿಯಬಹುದು. ಅವಳ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದರು. ಕಡಿಮೆ ಇತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಕೂಸುಗಳ ಹಿಮ್ಮಡಿ ಚುಚ್ಚಿದವಳಿಗೆ ಆ ಒಂದು ಹನಿಯನ್ನು ನೋಡಲಾಗಲಿಲ್ಲ. ಕೂಡಲೇ ಎದೆಗೆ ಹಾಕಿಕೊಳ್ಳಿ ಎಂದರು. ಅವಳಿಗೆ ಕಚ್ಚಲು ಬರುತ್ತಿರಲಿಲ್ಲ, ನನಗೆ ಹಿಡಿಯಲು ಬರುತ್ತಿರಲಿಲ್ಲ. ಅತ್ತೆ ಮಂಚದ ಪಕ್ಕ ಮೊಣಕಾಲೂರಿ, ಒಂದು ಕೈಯಿಂದ ಅವಳ ತಲೆಯನ್ನೂ ಇನ್ನೊಂದರಿಂದ ನನ್ನ ಎದೆಯನ್ನೂ ಹಿಡಿದು ಕೂಡಿಸಿದರು. ಈ ಕೂಸಿಗೆ ನನ್ನ ಕೈ ಬೇಡ ಎಂದು ಅವರೇ ಹೇಳಿದ್ದ ಅದೇ ಕೈ. ಒಂದು ತಾಸಿನ ಮೇಲೆ ಮತ್ತೆ ಚುಚ್ಚಿದಾಗ ಏರಿತ್ತು. ಮೂರನೆಯ ಸಲ ಇನ್ನೂ ಏರಿತ್ತು. ಗೌತಮ ಮೂರನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡ. ಆಮೇಲೆ ಅದನ್ನು ಮಡಚಿ ಚೀಲದಲ್ಲಿಟ್ಟು, ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತ.

ಹೆರಿಗೆಯಾದ ದಿನವೇ ಇನ್ಸುಲಿನ್ ನಿಂತಿತು. ಸಾಯುವವರೆಗೆ ಬಿಡದು ಎಂದವರ ಮಾತು ನನ್ನ ಮಟ್ಟಿಗೆ ಸುಳ್ಳಾಯಿತು. ಆರು ವಾರದ ಮೇಲೆ ಮತ್ತೆ ಅದೇ ನೀರು ಕುಡಿದು ಎರಡು ತಾಸು ಕೂತೆ, ಸರಿಯಿತ್ತು. ಆದರೆ ಬಸುರಿನಲ್ಲಿ ಒಮ್ಮೆ ಬಂದವರಿಗೆ ಮುಂದೆ ಪೂರ್ತಿಯಾಗಿ ಬರುವ ಸಂಭವ ಹೆಚ್ಚು, ವರ್ಷಕ್ಕೊಮ್ಮೆ ನೋಡಿಕೊಳ್ಳುತ್ತಲೇ ಇರಬೇಕು. ಮಗಳಿಗೆ ಈಗ ಮೂರು ವರ್ಷ. ಅಷ್ಟರಲ್ಲಿ ನನಗೆ ಮೂರು ಸಲ ಪರೀಕ್ಷೆಯಾಗಿದೆ. ಹೋದ ತಿಂಗಳಿನದು ಗಡಿಗೆ ಬಂದು ನಿಂತಿದೆ. ಅದನ್ನು ಮನೆಗೆ ಬಂದ ಕೂಡಲೇ ಹೇಳಿದೆ. ಗೌತಮ ಮಾರನೆಯ ದಿನವೇ ಚಹಾದ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ.

ಮೊದಲನೆಯವಳ ಬಗ್ಗೆ ನಾವು ಈಗ ಮಾತಾಡುತ್ತೇವೆ. ಅತ್ತೆ ಅವಳ ಮುಖ ಹೇಗಿತ್ತೆಂದು ಪೂರ್ತಿ ಹೇಳಿದ್ದಾರೆ. ಕೂದಲು ಬಹಳ ಇತ್ತಂತೆ, ಬೆರಳು ಉದ್ದವಿದ್ದವಂತೆ. ಅತ್ತೆ ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಕಳೆದ ವಾರ ಅತ್ತೆ ಒಂದು ಮುಂಜಾನೆ ಏನೂ ತಿನ್ನದೆ ನನ್ನ ಜತೆ ಲ್ಯಾಬಿಗೆ ಹೊರಟು ನಿಂತರು. ಯಾಕೆಂದು ಕೇಳಿದೆ. “ಅರವತ್ತು ವರ್ಷ ಆಯ್ತು, ಒಮ್ಮೆನೂ ನನ್ನ ರಗತ ಯಾರೂ ನೋಡಿಲ್ಲ,” ಎಂದರು. “ನೀ ನೋಡು.” ಹೊಲದ ಕೆಲಸದಿಂದ ಬಿರುಸಾದ ಅವರ ತೋಳಿನಲ್ಲಿ ನರ ಬೇಗ ಸಿಕ್ಕಿತು. ಸೂಜಿ ಹೋಗುವಾಗ ಅವರು ಗೋಡೆ ನೋಡಲಿಲ್ಲ, ಟ್ಯೂಬ್ ತುಂಬುವುದನ್ನೇ ನೋಡುತ್ತಿದ್ದರು. ಖಾಲಿ ಹೊಟ್ಟೆಯಲ್ಲೇ ಇನ್ನೂರರ ಮೇಲಿತ್ತು. ಅವರಿಗೆ ಇದು ಎಷ್ಟು ವರ್ಷದಿಂದ ಇದೆಯೋ ಹೇಳುವವರಿಲ್ಲ. ಅತ್ತೆಗೆ ಓದು ಬಾರದು. ಎಷ್ಟು ಬಂತು ಎಂದು ಕೇಳಿದರು. ಎಷ್ಟಿತ್ತೋ ಅಷ್ಟನ್ನು ಹೇಳಿದೆ, ಎಷ್ಟಿರಬೇಕಿತ್ತು ಎಂಬುದನ್ನೂ ಹೇಳಿದೆ.

“ಸಾಯೂ ಬ್ಯಾನಿ ಏನದು?”

“ಅಲ್ರಿ ಅತ್ತಿ. ದಿನಾ ನೋಡ್ಕೋಬೇಕಾದ ಬ್ಯಾನಿ.”

ಅವರು ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಎದ್ದು ಸೆರಗು ಸರಿ ಮಾಡಿಕೊಂಡರು. “ಹಂಗಾದ್ರ ನೀ ಗೌತಮಗ ಫೋನ್ ಹಚ್ಚಿ ನಂಬರ್ ಹೇಳು,” ಎಂದರು. “ನಾ ಮನಿಗಿ ಹೋಗ್ತೇನಿ. ಕೂಸು ಎದ್ದಿರ್ತಾಳ, ರೊಟ್ಟಿ ಬೇಡ್ತಾಳ.”